ಸಾವಿನ ಮನೆಗೆ ತವರಿನ ಅಡುಗೆ

ದುದ್ದದಿಂದ ಎರಡು ಬಸ್ಸು ಬದಲಾಯಿಸಿ ಪೂರಿಗಾಲಿಗೆ ಬಂದೆ. ಮಾರ್ತಮ್ಮ ಹಿಂದೆ ಚರ್ಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು; ಅವಳ ಗಂಡ ತೀರಿಹೋಗಿ ನಿನ್ನೆ ಮಣ್ಣಾಯಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಹೆಂಡತಿಯ ತವರಿನವರು ಅಡುಗೆ ತರಬೇಕು. ನಾನು ಮುದ್ದೆ, ಸೊಪ್ಪಿನ ಸಾರು ಹೊತ್ತು ತಂದಿದ್ದೆ.

ಬಾಗಿಲಲ್ಲಿ ಅವಳ ಮೈದುನ ತಡೆದ. ಅವನು ಚರ್ಚಿಗೆ ಬರುವವನಲ್ಲ.

"ನೀನ್ಯಾರವ್ವ? ಮೊದ್ಲು ತವರಿನ ಅಡ್ಗೆ ಒಳಿಕ್ಕೋಗ್ಬೇಕು."

"ನಾನೂ ತವರಿನವ್ಳೇ ಕಣಪ್ಪ. ಅವ್ಳಿಗೂ ನಂಗೂ ದೇವ್ರೇ ಅಪ್ಪ."

"ಅಂಗಾರೆ ಊರೆಲ್ಲ ತವರೇ ಬುಡು!"

ಜಗುಲಿಯಲ್ಲಿ ಕೂತಿದ್ದವರು ನಕ್ಕರು. ತವರಿನವರು ಎಲ್ಲಿ ಎಂದು ಕೇಳಿದೆ. ಯಾರೂ ಬಂದಿರಲಿಲ್ಲ. ಮಾರ್ತಮ್ಮ ಚರ್ಚಿಗೆ ಸೇರಿದಾಗಲೇ ಅವರು ಮಾತು ಬಿಟ್ಟಿದ್ದರು. ಮಧ್ಯಾಹ್ನ ಕಳೆದಿತ್ತು, ಅವಳು ನಿನ್ನೆಯಿಂದ ಏನೂ ಉಂಡಿರಲಿಲ್ಲ.

ನನ್ನ ದನಿ ಕೇಳಿ ಮಾರ್ತಮ್ಮನೇ ಎದ್ದು ಬಂದಳು.

"ನಮ್ಮಕ್ಕ ಬಂದವ್ಳೆ, ದಾರಿ ಬುಡಪ್ಪ" ಅಂದವಳು ಅಲ್ಲೇ ಜಗುಲಿ ಮೇಲೆ ಕೂತು ಮುದ್ದೆ ಮುರಿದಳು. ಮೈದುನ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಿಟ್ಟ.

ಎರಡು ತುತ್ತು ನುಂಗಿ ಮಾರ್ತಮ್ಮ ನನ್ನ ಕಡೆ ನೋಡಿದಳು.

"ಉಪ್ಪು ಕಮ್ಮಿ ಕಣಕ್ಕ."

"ತಿನ್ನು ಸುಮ್ಕೆ" ಅಂದೆ.