ಕೈಯಲ್ಲಿ ನೂತ ಬೆಳ್ಳಿ

ಮೊನ್ನೆ ಮಹಾಂತೇಶ ನಗರದ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಕ್ಯಾಮೆರಾ ರೀಲಿನ ಹಳೆಯ ಡಬ್ಬಿಯೊಂದು ಸಿಕ್ಕಿತು. ಒಳಗೆ ಚಿಂದಿಯಲ್ಲಿ ಸುತ್ತಿದ ಉಗುರಿನಷ್ಟು ಗಾಜಿನ ಚೂರು, ಅದರ ಮೇಲೆ ಕಪ್ಪಾದ ಬೆಳ್ಳಿಯ ಲೇಪ. ಚಿಂದಿಗೆ ಇನ್ನೂ ಪಂಪಿನ ಎಣ್ಣೆಯ ವಾಸನೆ... ಅಲ್ಲೇ ಕುಳಿತುಬಿಟ್ಟೆ.

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಕಾಲೇಜೊಂದರಲ್ಲಿ ಪಿಎಚ್‌ಡಿಗಾಗಿ ಬೆಳ್ಳಿಯ ಸುರುಳಿ ಬೆಳೆಸುತ್ತಿದ್ದೆ, ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪದವು. ಪಂಪಿನಿಂದ ಗಾಳಿ ತೆಗೆದ ಗಾಜಿನ ಗುಮ್ಮಟದೊಳಗೆ ಬೆಳ್ಳಿ ಕಾಯಿಸಬೇಕು. ಅದರ ಆವಿ ಓರೆಯಾಗಿ ಬಂದು ಕೂರುವಾಗ ಗಾಜಿನ ಚೂರನ್ನು ನಿಧಾನವಾಗಿ, ಒಂದೇ ವೇಗದಲ್ಲಿ ತಿರುಗಿಸಬೇಕು. ಗುಮ್ಮಟದ ಹೊರಗಿನಿಂದ ಅದನ್ನು ತಿರುಗಿಸುವ ನಮ್ಮ ದರಿದ್ರ ಮೋಟಾರು ನಡುಗುತ್ತಿತ್ತು. ಎಂಟು ತಿಂಗಳಾದರೂ ಒಂದು ಸುರುಳಿ ಬರಲಿಲ್ಲ.

ಲ್ಯಾಬಿನ ಅಟೆಂಡರ್ ಕಾಕಾ ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನವರು, ಕುರಿ ಕಾಯುವ ಮನೆತನ. ಹದಿನಾಲ್ಕು ವರ್ಷದಿಂದ ದಿನಗೂಲಿ. ಕಾಯಂ ಆಗಬೇಕು ಎಂಬುದೊಂದೇ ಅವರ ಆಸೆ. ಒಂದು ದಿನ ಮೋಟಾರು ಬಿಚ್ಚಿಟ್ಟು ಅದರ ಜಾಗಕ್ಕೆ ಹಿಡಿಕೆ ಕೂರಿಸಿದರು.

“ಅಕ್ಕಾರ, ಕುರಿ ಹಿಂದ ಅಡ್ಡಾಡಕೋಂತ ಉಣ್ಣಿ ನೂತ ಕೈ ಇದು. ಎಳಿ ದಪ್ಪ-ಸಣ್ಣ ಆದ್ರ ನಮ್ಮವ್ವ ಬಡೀತಿದ್ಲು. ನಾ ತಿರಗಸ್ತೀನಿ, ನೀವು ಬೆಳ್ಳಿ ಕಾಸ್ರಿ.”

ನಲವತ್ತು ನಿಮಿಷ ತಿರುಗಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆಂದು ಮುಂಬೈಗೆ ಕಳಿಸಿದ ಆ ಚೂರು ಫೋಟೋ ಜೊತೆ ವಾಪಸು ಬಂದಾಗ, ಫೋಟೋ ತುಂಬ ಸುರುಳಿಗಳು. “ಖರೇ ನೂಲಿನಂಗ ಐತಲ್ರೀ” ಎಂದು ನೋಡುತ್ತಲೇ ಇದ್ದರು.

ಪ್ರಬಂಧ ಬರೆಯುವಾಗ ನನಗೆ ನಾಚಿಕೆಯಾಯಿತು. ಕೈಯಿಂದ ತಿರುಗಿಸಿದ್ದು ಎಂದರೆ ನಗುತ್ತಾರೆ. ‘ಮೋಟಾರಿನಿಂದ ತಿರುಗಿಸಲಾಯಿತು’ ಎಂದು ಬರೆದೆ. ಒಂದೇ ಸಾಲು.

ಮರುವರ್ಷ ಕಾಯಂ ಮಾಡುವವರನ್ನು ಆರಿಸಲು ಸಮಿತಿ ಕೂತಿತು. ‘ಬೆಳ್ಳಿ ಸುರುಳಿಯ ಗಾಜು ತಿರುಗಿಸಿದವನು ನಾನೇ’ ಎಂದರು ಕಾಕಾ. ಸಮಿತಿಯವರು ನನ್ನ ಪ್ರಬಂಧ ತೆರೆದು ಆ ಸಾಲು ಓದಿದರು. ಸುಳ್ಳುಗಾರ ಎಂಬ ಹೆಸರು ಬಂತು, ದಿನಗೂಲಿಯೂ ಹೋಯಿತು. ನಾನು ಅದೇ ಕೋಣೆಯಲ್ಲಿದ್ದೆ. ಡಿಗ್ರಿ ಇನ್ನೂ ಕೈಗೆ ಬಂದಿರಲಿಲ್ಲ, ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕೆ.

ಹೊರಡುವಾಗ ಕಾಕಾ ಆ ಗಾಜಿನ ಚೂರಿದ್ದ ಈ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು. “ಒಂದು ಮಾತು ಆಡ್ತೀರಂತ ನಿಮ್ಮ ಮಾರಿ ನೋಡಿದೆ, ಅಕ್ಕಾರ.” ಅಷ್ಟೇ ಅಂದದ್ದು...

ನಿನ್ನೆ ಡಬ್ಬಿ ಹಿಡಿದು ಬೀಡಿಗೆ ಹೋದೆ. ಕಾಕಾ ತೀರಿಕೊಂಡು ಆರು ವರ್ಷವಾಯಿತಂತೆ. ಮಗಳು ಕುಂದರ್ರಿ ಎಂದು ಚಹಾ ಕೊಟ್ಟಳು.

“ಬೆಳ್ಳಿ ನೂತೀನಿ ಅಂತ ಅಪ್ಪ ಸಾಯೂತನಕ ಹೇಳ್ತಿದ್ದ. ಮನ್ಯಾಗ ನಾವೂ ನಂಬಲಿಲ್ರೀ. ಖರೇ ಏನ್ರೀ ಅದು?”

ಖರೇ, ಎಂದೆ. ಹೇಳಬೇಕಾದ ದಿನ ಹೇಳದ ಆ ಒಂದು ಮಾತನ್ನು, ಕೇಳಬೇಕಾದವರು ಇಲ್ಲದ ಮನೆಯಲ್ಲಿ ಹೇಳಿ ಬಂದೆ.