ಒಂದೇ ಭಾಷೆ ಸಾಕು ಎಂದರು

ಈ ಕೋವಿಡ್ ಮಕ್ಕಳನ್ನು ಏನೂ ಮಾಡುವುದಿಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ರೇಡಿಯೊದಲ್ಲಿ ಹೇಳಿದರು, ಆಫೀಸಿನ ವಿಡಿಯೊ ಮೀಟಿಂಗುಗಳಲ್ಲಿ ಹೇಳಿದರು, ಬೇಲಿಯಾಚೆ ನಿಂತು ಪಕ್ಕದ ಮನೆಯಾಕೆಯೂ ಹೇಳಿದಳು. ಮಕ್ಕಳು ಪುಣ್ಯವಂತರಂತೆ. ಐರ್ಲೆಂಡಿನ ಸಿಟಿವೆಸ್ಟಿನಲ್ಲಿರುವ ನಮ್ಮ ಹೊಸ ಬಡಾವಣೆಯ ಜನರೆಲ್ಲ ಬಾಗಿಲಿಗೆ ಬಂದು ಡಾಕ್ಟರುಗಳಿಗೆ, ನರ್ಸುಗಳಿಗೆ ಚಪ್ಪಾಳೆ ತಟ್ಟಿದ ಸಂಜೆ ನಾನೂ ನನ್ನ ಗಂಡನೂ ಕೈ ಕೆಂಪಾಗುವಂತೆ ತಟ್ಟಿದೆವು. ಮಗಳು ನಮ್ಮ ಮುಖ ನೋಡಿಕೊಂಡು ತಾನೂ ತಟ್ಟಿದಳು. ಆ ಚಪ್ಪಾಳೆಯನ್ನು ವಾಪಸ್ಸು ಕೇಳಬೇಕು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಅವಳಿಗೆ ಆಗ ಎರಡು ತುಂಬುತ್ತಿತ್ತು. ಶಿಶುವಿಹಾರಕ್ಕೆ ಸೇರಿಸಿದ ಮೊದಲ ಚಳಿಗಾಲವಿಡೀ ಮೂಗು ಸೋರಿಸಿಕೊಂಡೇ ಇದ್ದಳು, ಅದೂ ಮಾಮೂಲು ಎಂದಿದ್ದರು. ಮಾತು ಕಡಿಮೆ. ನೀರಿಗೆ ‘ನೀ’, ಬೇಡ ಎನ್ನಲು ‘ಬೇಯ’, ಮೈಸೂರಿನಿಂದ ಫೋನಿನಲ್ಲಿ ಕಾಣಿಸಿಕೊಳ್ಳುವ ನನ್ನ ಅಮ್ಮನಿಗೆ ‘ಅಯ್ಯಿ’. ಇದ್ದ ಬೆರಳೆಣಿಕೆಯ ಮಾತುಗಳೆಲ್ಲ ಕನ್ನಡದವೇ. ಹೀಗೆ ತುಂಡು ತುಂಡಾಗಿ ಮಾತಾಡುವುದು ನನಗೆ ಮುದ್ದಾಗಿಯೇ ಕಾಣುತ್ತಿತ್ತು, ಆದರೂ ಒಳಗೊಳಗೇ ಅಳುಕು.

ಎರಡು ವರ್ಷದ ಮಗುವನ್ನು ನೋಡಿಹೋಗಲು ಈ ದೇಶದಲ್ಲಿ ಬಡಾವಣೆಯ ನರ್ಸ್ ಮನೆಗೇ ಬರುವ ಪದ್ಧತಿಯಿದೆ. ನಮ್ಮ ನರ್ಸನ್ನು ಕೋವಿಡ್ ಪರೀಕ್ಷೆಯ ಕೆಲಸಕ್ಕೆ ಕಳಿಸಿದ್ದರು. ಹಾಗಾಗಿ ಮಗುವನ್ನು ಯಾರೂ ನೋಡಲಿಲ್ಲ. ಆರೋಗ್ಯ ಕೇಂದ್ರದಿಂದ ಯಾರೋ ಒಬ್ಬರು ಫೋನಿನಲ್ಲಿ ನನ್ನನ್ನು ಕೇಳಿದರು. ಓಡುತ್ತಾಳಾ? ಓಡುತ್ತಾಳೆ. ಚಮಚ ಹಿಡಿಯುತ್ತಾಳಾ? ಹಿಡಿಯುತ್ತಾಳೆ. ಹೇಳಿದ್ದು ಅರ್ಥವಾಗುತ್ತದಾ? ಆಗುತ್ತದೆ, ಷೂ ತಾ ಅಂದರೆ ತರುತ್ತಾಳೆ. ಮಾತು? ಸ್ವಲ್ಪ ಕಡಿಮೆ. ಮನೆಯಲ್ಲಿ ಯಾವ ಭಾಷೆ? ಕನ್ನಡ, ಹೊರಗೆ ಇಂಗ್ಲಿಷ್.

ಆಕೆ ‘ಆಹ್’ ಎಂದ ರೀತಿಯಲ್ಲೇ ಕಾರಣ ಸಿಕ್ಕಿಬಿಟ್ಟ ನೆಮ್ಮದಿಯಿತ್ತು. ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗಿದೆ, ಮನೆಯಲ್ಲಿ ಒಂದೇ ಭಾಷೆ ಸಾಕು, ಹೇಗೂ ಇಲ್ಲೇ ಶಾಲೆಗೆ ಹೋಗುವವಳು, ಇಂಗ್ಲಿಷ್ ಇಟ್ಟುಕೊಳ್ಳಿ ಎಂದರು. “ಶೀ ವಿಲ್ ಬಿ ಗ್ರ್ಯಾಂಡ್,” ಎಂದು ಫೋನಿಟ್ಟರು. ಗ್ರ್ಯಾಂಡ್ ಅಂದರೆ ಇಲ್ಲಿ ‘ಏನೂ ತೊಂದರೆಯಿಲ್ಲ’ ಅಂತ, ಈ ದೇಶದಲ್ಲಿ ಎಲ್ಲವೂ ಗ್ರ್ಯಾಂಡ್. ಬಸ್ಸು ಬರದಿದ್ದರೂ ಗ್ರ್ಯಾಂಡ್, ಮಾಡು ಸೋರಿದರೂ ಗ್ರ್ಯಾಂಡ್. ನನ್ನ ಮಗಳ ಕಿವಿ ನೋಡದೆಯೇ ಅವಳೂ ಗ್ರ್ಯಾಂಡ್ ಆದಳು.

ಬೇರೆ ಯಾರಾದರೂ ಆಗಿದ್ದರೆ ಹೂಂ ಎಂದು ಹೇಳಿ ತಮ್ಮ ಪಾಡಿಗೆ ತಾವಿರುತ್ತಿದ್ದರೇನೋ. ನಾವು ಹಾಗಲ್ಲ. ಸ್ಟೆತಸ್ಕೋಪಿನ ಕಡೆಯಿಂದ ಏನು ಬಂದರೂ ಕೋಲೆ ಬಸವನ ಹಾಗೆ ತಲೆಯಾಡಿಸಿ, ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಪಾಲಿಸುವ ಜಾತಿ. ಅದರ ಮೇಲೆ ಇಬ್ಬರೂ ಸಾಫ್ಟ್‌ವೇರಿನವರು. ಮಾರನೆಯ ಬೆಳಿಗ್ಗೆಯಿಂದಲೇ ಮನೆಯಲ್ಲಿ ಕನ್ನಡ ಬಂದ್. ನನ್ನ ಗಂಡ ಫ್ರಿಜ್ಜು, ಬಾಗಿಲು, ಕುರ್ಚಿಗಳಿಗೆಲ್ಲ ಇಂಗ್ಲಿಷಿನ ಚೀಟಿ ಅಂಟಿಸಿದ, ಓದು ಬಾರದ ಮಗುವಿಗೆ. ನಾನು ಮೈಮರೆತು “ಬಾ ಊಟಕ್ಕೆ” ಎಂದರೆ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಗದರುತ್ತಿದ್ದ.

“ಮತ್ತೆ ಶುರು ಮಾಡ್ದ್ಯಲ್ಲ ಕನ್ನಡ! ಕನ್‌ಫ್ಯೂಸ್ ಆಗುತ್ತೆ ಕಣೇ ಅವಳಿಗೆ.”

“ನೀನೀಗ ನನಗೆ ಬೈದಿದ್ದು ಯಾವ ಭಾಷೇಲಿ?” ಎಂದು ನಾನು ಕೇಳಿದರೆ ಮತ್ತೆ ಲ್ಯಾಪ್‌ಟಾಪಿನೊಳಗೆ ತಲೆ ಹಾಕುತ್ತಿದ್ದ.

ಕಷ್ಟವಾದದ್ದು ಅಮ್ಮನಿಗೆ. ವಿಮಾನಗಳಿಲ್ಲ, ಬರುವ ಹಾಗಿಲ್ಲ, ಮೊಮ್ಮಗಳು ಅಂದರೆ ಫೋನಿನೊಳಗಿನ ಒಂದು ಮುಖ. ಆ ಮುಖದ ಜೊತೆ ಕನ್ನಡ ಮಾತಾಡಬೇಡ ಎಂದು ನಾನೇ ಹೇಳಿದೆ. “ಮತ್ತೆ ನಾನು ಯಾವ್ದ್ರಲ್ಲಿ ಮಾತಾಡ್ಲಿ? ನಂಗೆ ಬರೋದು ಅದೊಂದೇ ಅಲ್ವೇ,” ಎಂದಳು ಅಮ್ಮ. ಡಾಕ್ಟ್ರು ಹೇಳಿದ್ದಾರೆ ಎಂದೆ. ಆಮೇಲೆ ಫೋನಿನಲ್ಲಿ ಹಾಯ್ ಎಂದು ಕೈ ಆಡಿಸುವಳು, ಮಗು ಆಡುವುದನ್ನು ನೋಡುತ್ತ ಕೂರುವಳು, ಬೈ ಎಂದು ಮತ್ತೆ ಕೈ ಆಡಿಸುವಳು.

ಇಂಗ್ಲಿಷಿನಿಂದ ಮಗಳ ಮಾತೇನೂ ಅರಳಲಿಲ್ಲ. ‘ಬೇಯ’ ಹೋಗಿ ‘ನೋ’ ಬಂತು, ‘ನೀ’ ಹೋಗಿ ‘ವಾ’ ಬಂತು, ಅಷ್ಟೆ. ಶಿಶುವಿಹಾರ ಮತ್ತೆ ತೆರೆದ ಮೇಲೆ ದೂರುಗಳು ಬೇರೆ. ಹೇಳಿದ್ದು ಕೇಳುವುದಿಲ್ಲ, ಗುಂಪಿನಲ್ಲಿ ಕೂರುವುದಿಲ್ಲ, ಕರೆದರೆ ಓಡುತ್ತಾಳೆ, ಸ್ವಲ್ಪ ಹಟದ ಮಗು. ನನಗೆ ರೇಗಿತು. ಮನೆಯಲ್ಲಿ ಇಷ್ಟು ಮೆತ್ತಗಿರುವ ಮಗು ಅಲ್ಲಿ ಹೇಗೆ ಹಟಮಾರಿಯಾಗುತ್ತದೆ? ನಮ್ಮ ಬಣ್ಣ ನೋಡಿ ಹೇಳುತ್ತಿದ್ದಾರೆ ಎಂದು ಗಂಡನ ಹತ್ತಿರ ಕೂಗಾಡಿದೆ.

ಗೊತ್ತಾದದ್ದು ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ. ನಾನು ಸಾಮಾನುಗಳನ್ನು ಡಿಕ್ಕಿಗೆ ತುಂಬುತ್ತಿದ್ದಾಗ ಅವಳು ಕೈ ಬಿಡಿಸಿಕೊಂಡು ಹೊರಟಳು. ನಿಲ್ಲು ಎಂದೆ. ಸ್ಟಾಪ್ ಎಂದು ಕಿರುಚಿದೆ. ಹಿಂದಕ್ಕೆ ಸರಿಯುತ್ತಿದ್ದ ಒಂದು ವ್ಯಾನಿನ ಕಡೆಗೆ ಆರಾಮಾಗಿ ನಡೆದುಕೊಂಡು ಹೋಗುತ್ತಲೇ ಇದ್ದಳು. ಓಡಿಹೋಗಿ ಎತ್ತಿಕೊಂಡಾಗ ಬೆಚ್ಚಿಬಿದ್ದಳು. ಹಟದ ಮಗು ಹಾಗೆ ಬೆಚ್ಚುವುದಿಲ್ಲ.

ಮನೆಗೆ ಬಂದವಳೇ ಮಾಸ್ಕ್ ತೆಗೆಯದೆ ಅವಳ ಮುಂದೆ ಕೂತು, ಬಿಸ್ಕತ್ತು ಬೇಕಾ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ನನ್ನ ಕಣ್ಣನ್ನೇ ನೋಡಿದಳು, ಅಲುಗಲಿಲ್ಲ. ಮಾಸ್ಕ್ ಕೆಳಗಿಳಿಸಿ, ದನಿಯೇ ಹೊರಡಿಸದೆ, ಬರೀ ತುಟಿಯಾಡಿಸಿ ಅದನ್ನೇ ಕೇಳಿದೆ. ಎದ್ದು ಬಿಸ್ಕತ್ತಿನ ಡಬ್ಬಿಯ ಕಡೆಗೆ ಓಡಿದಳು. ಗಂಡನನ್ನು ಕರೆದು ಮತ್ತೆ ಮಾಡಿ ತೋರಿಸಿದೆ. ಅವನು ಮೀಟಿಂಗಿನ ಮಧ್ಯೆ ಎದ್ದು ಬಂದವನು ಹಾಗೇ ನೆಲದ ಮೇಲೆ ಕೂತುಬಿಟ್ಟ.

“ಕೇಳ್ಸಲ್ಲ ಕಣೋ ಇವಳಿಗೆ. ಬರೀ ಬಾಯಿ ನೋಡ್ತಾಳೆ,” ಎಂದೆ.

ಮನೆಯಲ್ಲಿ ನಮ್ಮ ಬಾಯಿ ಕಾಣುತ್ತಿತ್ತು, ಅದಕ್ಕೇ ಒಳ್ಳೆಯ ಮಗು. ಹೊರಗಿನ ಲೋಕಕ್ಕೆ ಬಾಯಿಯೇ ಇರಲಿಲ್ಲ, ಅದಕ್ಕೇ ಹಟಮಾರಿ. ಗೊಂದಲವಂತೆ, ಎರಡು ಭಾಷೆಯಂತೆ! ಅವಳಿಗೆ ಒಂದು ಭಾಷೆಯೂ ನೆಟ್ಟಗೆ ತಲುಪುತ್ತಿರಲಿಲ್ಲ.

ನಮ್ಮ ಬಡಾವಣೆಯ ಡಾಕ್ಟರು ಅದನ್ನೂ ಫೋನಿನಲ್ಲೇ ಕೇಳಿಸಿಕೊಂಡು ಶ್ರವಣ ಪರೀಕ್ಷೆಗೆ ಬರೆದುಕೊಟ್ಟರು. ಆಮೇಲೆ ಕಾಯುವುದು. ಪರೀಕ್ಷೆ ಮಾಡುವ ಕೋಣೆ ಮುಚ್ಚಿದೆ, ಮಾಡುವವರು ಬೇರೆ ಕೆಲಸದಲ್ಲಿದ್ದಾರೆ, ಮೊದಲಿನವರದ್ದೇ ಬಾಕಿಯಿದೆ. ಖಾಸಗಿಯವರನ್ನು ವಿಚಾರಿಸಿದರೆ ಅಲ್ಲೂ ಅದೇ ಸಾಲು. ಮೈಸೂರಿನಲ್ಲಿ ಆಗಿದ್ದರೆ ಅಂದು ಸಂಜೆಯೇ ಯಾವುದಾದರೂ ಕಿವಿ-ಗಂಟಲಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿರುತ್ತಿದ್ದೆವು ಎಂದು ಹಲುಬಿದೆ. ಮೈಸೂರಿಗೆ ಹೋಗುವುದಿರಲಿ, ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರು ದಾಟುವ ಹಾಗಿರಲಿಲ್ಲ. ಫೋನ್ ಮಾಡಿ ಮಾಡಿ ಅಲ್ಲಿನ ಕಾಯುವ ಸಂಗೀತ ನನಗೆ ಬಾಯಿಪಾಠವಾಯಿತು. ಪ್ರತಿ ಸಲವೂ ಯಾರೋ ಒಬ್ಬರು ಬಹಳ ಪ್ರೀತಿಯಿಂದ, ಬಹಳ ಮರ್ಯಾದೆಯಿಂದ, ಈಗ ಏನೂ ಮಾಡಲಾಗುವುದಿಲ್ಲ ಎಂದು ಹೇಳುತ್ತಿದ್ದರು. ಜಗಳ ಆಡುವವರ ಜೊತೆ ಜಗಳ ಆಡಬಹುದು. ಇವರ ಜೊತೆ ಏನು ಮಾಡಲಿ? ಫೋನಿಟ್ಟು ದಿಂಬಿಗೆ ಗುದ್ದುತ್ತಿದ್ದೆ.

ಕಾಯುವುದರಲ್ಲೇ ಅವಳಿಗೆ ಮೂರು ದಾಟಿತು. ಅಂತೂ ಪರೀಕ್ಷೆಯಾದಾಗ ಅದು ಕೆಲವೇ ನಿಮಿಷಗಳ ಕೆಲಸ. ಕಿವಿಯ ಪರದೆಯ ಹಿಂದೆ ಅಂಟಿನಂಥ ದ್ರವ ಕಟ್ಟಿಕೊಂಡಿದೆ, ನೆಗಡಿ ಹತ್ತುವ ಮಕ್ಕಳಲ್ಲಿ ತುಂಬ ಸಾಮಾನ್ಯ, ಪರದೆಯಲ್ಲಿ ಸಣ್ಣ ಕೊಳವೆ ಇಟ್ಟರೆ ಸರಿಹೋಗುತ್ತದೆ ಎಂದರು. ನೀರಿನಲ್ಲಿ ಮುಳುಗಿಕೊಂಡು ದಡದವರ ಮಾತು ಕೇಳಿಸಿಕೊಂಡ ಹಾಗೆ ಅವಳಿಗೆ ಇಷ್ಟು ದಿನ ಕೇಳಿಸುತ್ತಿತ್ತಂತೆ. ತುಂಬ ಸಾಮಾನ್ಯ ಎಂಬ ಮಾತು ನನಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಇಷ್ಟು ಸಾಮಾನ್ಯವಾದದ್ದನ್ನು ಯಾರೂ ಯಾಕೆ ಕೇಳಲಿಲ್ಲ?

ಕೊಳವೆಗಾಗಿ ಇನ್ನೊಂದು ಸುತ್ತು ಕಾದೆವು. ಅವಳ ನಾಲ್ಕನೆಯ ಹುಟ್ಟುಹಬ್ಬ ಹತ್ತಿರವಿದ್ದಾಗ ಕರೆ ಬಂತು. ಆಸ್ಪತ್ರೆಯೊಳಗೆ ಒಬ್ಬರಿಗೇ ಪ್ರವೇಶ, ಗಂಡ ಕಾರಿನಲ್ಲೇ ಕೂತ. ಆಪರೇಷನ್ನಿಗೆ ಮುಂಚೆ ಅದನ್ನು ಮಾಡುವ ಡಾಕ್ಟರು ಬಂದು, ಮನೆಯಲ್ಲಿ ಯಾವ ಭಾಷೆ ಆಡುತ್ತಾಳೆ ಎಂದು ಮಾತಿಗೆ ಕೇಳಿದರು. ಇಂಗ್ಲಿಷ್ ಒಂದೇ, ಹಾಗೆ ಮಾಡಲು ಹೇಳಿದ್ದರು ಎಂದೆ.

“ಯಾರು ಹೇಳಿದರು?” ಎಂದು ಹುಬ್ಬೇರಿಸಿದರು. ಎರಡು ಭಾಷೆಯಿಂದ ಯಾವ ಮಗುವಿಗೂ ಏನೂ ಆಗುವುದಿಲ್ಲ, ನಿಮ್ಮದನ್ನು ಬಿಡಬಾರದಿತ್ತು, ಪಾಪ ಎಂದರು. ಪಾಪವಂತೆ. ಅಷ್ಟು ಹೇಳಿ ಮುಂದಿನ ಮಂಚದ ಮಗುವಿನ ಕಡೆಗೆ ಹೋದರು. ಅವರ ಬೆನ್ನನ್ನು ನೋಡುತ್ತ ನಾನು ಮೈಸೂರಿನ ಅಷ್ಟೂ ಬೈಗುಳಗಳನ್ನು ಮಾಸ್ಕಿನೊಳಗೇ ಬೈದೆ.

ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಚ್ಚರವಾಗುವ ಕೋಣೆಗೆ ನನ್ನನ್ನು ಕರೆದಾಗ ಅವಳು ಕೆಂಪಾದ ಮುಖ ಹೊತ್ತು ಅಳುತ್ತಿದ್ದಳು, ಪಕ್ಕದಲ್ಲಿ ಒಬ್ಬ ಐರಿಷ್ ನರ್ಸ್ ತಲೆ ನೇವರಿಸುತ್ತಿದ್ದಳು. ನಾನು ಮಗಳಿಗೆ ಬೆನ್ನು ಮಾಡಿ ಚೀಲದಿಂದ ನೀರಿನ ಬಾಟಲಿ ತೆಗೆಯುತ್ತಿದ್ದೆ. ಡಾಕ್ಟರ ಮಾತಿನ ಉರಿಯೋ, ಗಾಬರಿಯೋ, ನನ್ನ ಬಾಯಿಂದ ತಾನಾಗಿಯೇ ಬಂತು.

“ನೋಯ್ತಾ ಇದ್ಯಾ ಪುಟ್ಟಿ?”

ತಗ್ಗಿದ ದನಿಯಲ್ಲಿ, ಮಾಸ್ಕಿನೊಳಗಿಂದ, ಗೋಡೆಯ ಕಡೆ ತಿರುಗಿಕೊಂಡು ಹೇಳಿದ ಮಾತು. ಹಿಂದೆ ಅಳು ನಿಂತಿತು. ಕೇಳಿಸಿದೆ! ಬಾಟಲಿ ಹಿಡಿದೇ ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ನರ್ಸನ್ನು ನೋಡುತ್ತಿದ್ದಳು.

“ವಾ ಶೀ ಸೇಯಿಂಗ್?” ಎಂದು ಅವಳನ್ನು ಕೇಳಿದಳು. ಏನಂತಿದ್ದಾಳೆ ಇವಳು?

ನರ್ಸ್ ನಕ್ಕಳು. ನನಗೇನು ಗೊತ್ತು ಮುದ್ದು, ಅದು ನಿನ್ನ ಅಮ್ಮನ ಮಾತು, ಅಮ್ಮನನ್ನೇ ಕೇಳು ಎಂದಳು.

ಇಬ್ಬರೂ ನನ್ನ ಕಡೆ ನೋಡಿದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ. ಇಲ್ಲ, ನೋಯುತ್ತಿಲ್ಲ ಎಂದಳು.