ಸವಳು ಮಣ್ಣು, ನನ್ನ ನಾಲಿಗೆ

ನಾನು ಸಾಲೆ ಬಿಟ್ಟದ್ದು ಎರಡನೆಯ ಇಯತ್ತೆಯಲ್ಲಿ. ಅದು ನಿಜಾಮರ ಕಾಲ. ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಳ್ಳುತ್ತಿದ್ದವನಿಗೆ ಸಾಲೆಯಲ್ಲಿ ಉರ್ದುವಿನಲ್ಲೂ ಬೈಸಿಕೊಳ್ಳುವುದು ಹೆಚ್ಚಿನ ಹೊರೆ ಎನ್ನಿಸಿತು. ಪಾಟಿ-ಬಳಪ ಇಟ್ಟು ಅಪ್ಪನ ಬುಟ್ಟಿ-ಸಲಿಕೆ ಹಿಡಿದೆ, ಮಾಳಿಗೆಗೆ ಮಣ್ಣು ಹಾಕುವ ಕೆಲಸ ಕಲಿತೆ. ಆ ಕೆಲಸದಲ್ಲಿ ನನ್ನನ್ನು ನಾಪಾಸು ಮಾಡುವ ಮಾಸ್ತರ ಕುಷ್ಟಗಿಯಿಂದ ಯಲಬುರ್ಗಾದವರೆಗೆ ಒಬ್ಬನೂ ಇರಲಿಲ್ಲ.

ನಮ್ಮ ಕಡೆಯ ಮಾಳಿಗೆಗಳು, ಅಂದರೆ ಮನೆಯ ಚಪ್ಪಟೆ ಚಾವಣಿಗಳು, ಮಣ್ಣಿನವು. ಪ್ರತಿವರ್ಷ ಮುಂಗಾರಿಗೆ ಮೊದಲು ಅವುಗಳ ಮೇಲೆ ನೀರು ಬಿಡದ, ಉಪ್ಪು ರುಚಿಯ ಸವಳು ಮಣ್ಣು ಹರಡಿ ಬಡಿಯಬೇಕು. ಇಲ್ಲದಿದ್ದರೆ ಮಳೆ ಕರೆಯದೆಯೇ ಒಳಗೆ ಬರುತ್ತದೆ. ಆದರೆ ಬೆಳ್ಳಗಿದ್ದದ್ದೆಲ್ಲ ಸವಳಲ್ಲ. ಕಣ್ಣಿಗೆ ಎಲ್ಲ ಒಂದೇ, ತಿಳಿಯುವುದು ನಾಲಿಗೆಗೆ ಮಾತ್ರ. ಚಿಟಿಕೆ ಮಣ್ಣು ಬಾಯಿಗೆ ಹಾಕಿ ಉಗುಳಿ, "ಇಲ್ಲಿ ಅಗೀರಿ" ಎನ್ನುತ್ತಿದ್ದೆ, ಅಷ್ಟೇ. ನಾನು ಹಾಕಿದ ಮಾಳಿಗೆ ಸೋರಿದ ದಿನ ಬುಟ್ಟಿ ಕೆಳಗಿಟ್ಟು ಈ ಕಸುಬು ಬಿಡುತ್ತೇನೆ ಎಂದು ಊರ ಬಾಗಿಲ ಅಗಸಿ ಕಟ್ಟೆಯ ಮೇಲೆ ಊರವರ ಮುಂದೆ ಹೇಳಿದ್ದೆ. ಹೇಳಿ ಹದಿನಾಲ್ಕು ಮಳೆಗಾಲ ಕಳೆದಿದ್ದವು.

ಆ ವರ್ಷ ಗೌಡರ ಮಗ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದ. ಜೊತೆಗೆ ಎರಡು ಪೆಟ್ಟಿಗೆ ಪುಸ್ತಕ, ಒಂದು ಚಸಮಾ. ಓದಿದ್ದು ತತ್ವಜ್ಞಾನ, ಅದರಲ್ಲೂ ಜರ್ಮನಿಯ ಕಡೆ ಹೊಸದಾಗಿ ಹುಟ್ಟಿದ ಒಂದು ಶಾಸ್ತ್ರ. ವಸ್ತು ನಿಜವಾಗಿ ಏನು ಎಂಬ ತಂಟೆಯನ್ನು ಬದಿಗಿಟ್ಟು, ಅದು ನಮ್ಮ ಪ್ರಜ್ಞೆಗೆ ಹೇಗೆ ತೋರುತ್ತದೆ ಎಂಬುದನ್ನಷ್ಟೇ ಬಣ್ಣಿಸಬೇಕಂತೆ. ಆ ಶಾಸ್ತ್ರದ ಬಿಸಿ ಮೊದಲು ತಟ್ಟಿದ್ದು ಅವನ ತಾಯಿಗೆ. ಬಡಿಸಿದ ರೊಟ್ಟಿಯನ್ನು ಮುಟ್ಟದೆ ನೋಡುತ್ತಲೇ ಕೂರುತ್ತಿದ್ದನಂತೆ. "ರೊಟ್ಟಿ ಕಂಡೈತಿಲ್ಲೋ? ಕಂಡಿದ್ರ ತಿನ್ನು, ಆರತೈತಿ!" ಎಂದು ಗೌಡತಿ ಗದರಿದ್ದು ಓಣಿಗೆಲ್ಲ ಕೇಳಿತ್ತು.

ಅವರ ಮಾಳಿಗೆಗೆ ಮಣ್ಣು ತರಲು ನಾನೂ ನನ್ನ ಹೆಂಡತಿಯೂ ಬಂಡಿ ಹೂಡಿ ಹಳ್ಳದ ದಂಡೆಗೆ ಹೊರಟಾಗ ಆ ಬಿ.ಎ.ಯೂ ಹತ್ತಿ ಕೂತ. ದಂಡೆಯಲ್ಲಿ ಮಣ್ಣು ತೆಗೆಯುವ ತಗ್ಗುಗಳು ಎರಡಿದ್ದವು, ಎಡಕ್ಕೊಂದು, ಬಲಕ್ಕೊಂದು. ನಾನು ಮೊದಲ ಚಿಟಿಕೆ ಬಾಯಿಗೆ ಹಾಕುವುದೇ ತಡ, ಅವನ ಸವಾಲು ಶುರುವಾಯಿತು.

"ಹೆಂಗಿತ್ತು?"

"ಸವಳಿತ್ರಿ."

"ಸವಳು ಅನ್ನೋದು ನಿನಗ ಮೊದಲ ಗೊತ್ತಿದ್ದ ಹೆಸರು. ಗೊತ್ತಿದ್ದದ್ದನ್ನೆಲ್ಲ ಬದಿಗಿಡು. ನಾಲಿಗಿಗೆ ಏನಾತು, ಅಷ್ಟ ಹೇಳು."

"ಗೊತ್ತಿದ್ದದ್ದನ್ನ ಬದಿಗಿಡೋದಾದ್ರ ನಾ ಯಾಕ ಬೇಕ್ರಿ? ಎತ್ತಿಗೆ ನೆಕ್ಕಿಸಿದ್ರ ಆಗ್ತಿತ್ತಲ್ಲ."

ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಅವನು ನೋಟ್‌ಬುಕ್ಕು ತೆಗೆದು, "ಜರ್ಮನಿಯೊಳಗ ದೊಡ್ಡ ದೊಡ್ಡ ಪಂಡಿತರು ಹುಡುಕಾಕತ್ತಿದ್ದು ನಿನ್ನ ನಾಲಿಗಿ ಮ್ಯಾಲ ಐತಿ ನೋಡು" ಎಂದ. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವನಿಗೆ ಬಿ.ಎ. ಆದವನು ಹೀಗೆಂದರೆ ಎದೆ ಅಂಗಿಯಲ್ಲಿ ಹಿಡಿಯುವುದಿಲ್ಲ. ಕಣ್ಣು ಮುಚ್ಚಿ ಇನ್ನೊಂದು ಚಿಟಿಕೆ ಹಾಕಿಕೊಂಡೆ.

"ಮೊದಲ ಉಪ್ಪ. ಆಮ್ಯಾಲ ಜಾರತೈತ್ರಿ."

"ಏನು ಜಾರತೈತಿ? ಮಣ್ಣೋ, ನಾಲಿಗಿಯೋ?"

ಹುಟ್ಟಿದಾಗಿನಿಂದ ನನಗೆ ಬಾರದಿದ್ದ ಸಂಶಯ. ಮತ್ತೊಂದು ಚಿಟಿಕೆ. ಈಗ ಮಣ್ಣು ನಾಲಿಗೆಯ ಮೇಲಿತ್ತು, ನಾಲಿಗೆಯನ್ನು ನಾನು ನೋಡುತ್ತಿದ್ದೆ, ನನ್ನನ್ನು ಅವನು ನೋಡುತ್ತಿದ್ದ. ಮಣ್ಣನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಎಂಟನೆಯ ಚಿಟಿಕೆಗೆ ಎಡದ ತಗ್ಗು, ಬಲದ ತಗ್ಗು, ನನ್ನ ಉಗುಳು ಎಲ್ಲ ಒಂದೇ ರುಚಿಯಾದವು, ಮೊದಲ ಚಿಟಿಕೆ ಯಾವ ತಗ್ಗಿನದೆಂಬುದೂ ಮರೆತುಹೋಯಿತು. ಕೊಪ್ಪಳದ ದಿಕ್ಕಿಗೆ ಮೋಡ ಏಳುತ್ತಿತ್ತು.

"ಯಾವ ತಗ್ಗು ಅನ್ನೋದು ಹೇಳ್ತೀಯೋ, ದಂಡಿ ಪೂರಾ ತಿಂದು ಮುಗಸ್ತೀಯೋ?" ಎಂದಳು ಹೆಂಡತಿ.

ತಿಳಿಯುತ್ತಿಲ್ಲ ಎನ್ನಬಹುದಿತ್ತು. ನಾನು ಅನ್ನಲಿಲ್ಲ. "ಬಲಕಿಂದು" ಎಂದುಬಿಟ್ಟೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ ಸಲಿಕೆ ಎತ್ತಿದಳು.

ಮೂರು ದಿನ ಮಣ್ಣು ಹಾಕಿ ಬಡಿದೆವು. ವಾರದೊಳಗೆ ಒಂದು ಮಧ್ಯಾಹ್ನ ಮಳೆ ಹಿಡಿಯಿತು, ಹಿಂದೆಯೇ ಗೌಡರ ಮನೆಯಿಂದ ಕರೆ ಬಂತು. ಗೋಣಿಚೀಲ ಹೊದ್ದು, ಬುಟ್ಟಿ ಹಿಡಿದು ಓಡಿದೆ. ಪಡಸಾಲೆಯ ತುಂಬ ಹಂಡೆ, ಕೊಡ, ತಂಬಿಗೆ. ನಡುವೆ ಗೌಡರ ಮಗ ಬೀಳುವ ಹನಿಗಳನ್ನು ನೋಡುತ್ತ ಬರೆದುಕೊಳ್ಳುತ್ತಿದ್ದ.

"ಸೋರಾಕತ್ತೈತಲ್ರಿ!" ಎಂದೆ.

"ಸೋರಾಕತ್ತೈತಿ ಅಂತ ಈಗ ಅನ್ನಬ್ಯಾಡ. ಹನಿ ತೋರಾಕತ್ತೈತಿ, ಅಷ್ಟ."

ಅಷ್ಟರಲ್ಲಿ ಒಂದು ದಪ್ಪ ಹನಿ, ಪಕ್ಕದಲ್ಲಿದ್ದ ಅವನ ಜರ್ಮನ್ ಪುಸ್ತಕದ ನಡುಪುಟಕ್ಕೇ ತೋರಿತು. ಪುಸ್ತಕವನ್ನು ಎದೆಗವಚಿ ಹಾರಿ ಎದ್ದ. "ಯವ್ವಾ! ಸೋರಾಕತ್ತೈತೇ!"

"ಈಗ ಬಿ.ಎ. ಪಾಸಾದಿ ನೋಡು" ಎಂದರು ಗೌಡತಿ.

ನನಗೆ ನಗು ಬರಲಿಲ್ಲ. ಹೊಸ್ತಿಲ ಮೇಲೆ ಬುಟ್ಟಿ ಇಟ್ಟೆ. "ಅವ್ವಾರ, ಕಟ್ಟಿ ಮ್ಯಾಲ ಆಡಿದ ಮಾತೈತ್ರಿ. ಇವತ್ತಿಗೆ ಬುಟ್ಟಿ ಇಟ್ಟೆ" ಎಂದೆ.

ಗೌಡತಿ ತುಂಬಿದ ತಂಬಿಗೆಯನ್ನು ಹೊರಗೆ ಚೆಲ್ಲಿ ಬಂದರು. "ಇಡೋದಾದ್ರ ಮಾಳಿಗಿ ಮ್ಯಾಲ ಇಡು, ಮಣ್ಣು ತುಂಬಿ. ಖಾಲಿ ಬುಟ್ಟಿ ನನ್ನ ಹೊಸ್ತಿಲದಾಗ ಯಾಕ?"

ಮರುದಿನ ಮಳೆ ನಿಂತು ಹೊಳವಾಯಿತು. ಮತ್ತೆ ಹಳ್ಳದ ದಂಡೆಗೆ ಹೊರಟ ಬಂಡಿಯಲ್ಲಿ ಗೌಡರ ಮಗನೂ ಇದ್ದ. ಈ ಸಲ ಅವನ ಕೈಯಲ್ಲಿ ಸಲಿಕೆ ಇತ್ತು, ನೋಟ್‌ಬುಕ್ಕು ಇರಲಿಲ್ಲ. ದಾರಿಯುದ್ದಕ್ಕೂ ನನಗೂ ಹೆಂಡತಿಗೂ ಜಗಳ. ಬಲದ ತಗ್ಗು ಅಂದಾಗಲೇ ಅವಳಿಗೆ ಸಂಶಯವಿತ್ತಂತೆ. "ಇದ್ದಿದ್ರ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?" ಎಂದು ಬೈಯುತ್ತಲೇ ದಂಡೆಗಿಳಿದು ಚಿಟಿಕೆ ಮಣ್ಣು ಬಾಯಿಗೆ ಹಾಕಿ ಉಗುಳಿ, ಬೈಗುಳದ ನಡುವೆಯೇ "ಇಲ್ಲಿ ಅಗಿ" ಎಂದೆ. ಎಡದ ತಗ್ಗು. ಅವಳು ಆಗಲೇ ಅಲ್ಲಿ ಅಗೆಯುತ್ತಿದ್ದಳು.

"ಈಗ ಹೆಂಗ ಗೊತ್ತಾತು?" ಎಂದು ಗೌಡರ ಮಗ ಓಡಿ ಬಂದ.

"ಯಾರಿಗ್ಗೊತ್ರಿ. ನಾ ಆಗ ಬೈಯಾಕತ್ತಿದ್ದೆ."

ಅದನ್ನು ಬರೆದುಕೊಳ್ಳಬೇಕೆಂದು ಅವನು ಜೇಬು ಮುಟ್ಟಿದ. ಕೈಯೆಲ್ಲ ಕೆಸರು. ಮತ್ತೆ ಸಲಿಕೆ ಎತ್ತಿಕೊಂಡ.

ಆ ದಿನ ಗೌಡರ ಮಾಳಿಗೆಯ ಮೇಲೆ ಬುಟ್ಟಿ ಇಟ್ಟೆ, ಮಣ್ಣು ತುಂಬಿ. ಹೊತ್ತು ಮುಳುಗುವವರೆಗೆ ಇಡುತ್ತಲೇ ಇದ್ದೆ.